ಕೊಂಬಿನ ಹಿಡಿ

ಶೇಖರಪ್ಪನವರು ವಾದದ ಕೊನೆಯ ಮಾತನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿ, ಕೈಯಲ್ಲಿದ್ದ ಮಡಿಚುವ ಚಾಕುವನ್ನು ‘ಟಕ್’ ಎಂದು ಮುಚ್ಚಿ ಜೇಬಿಗೆ ಇಳಿಸುತ್ತಿದ್ದರು. ಆಮೇಲೆ ಯಾರು ಏನೆಂದರೂ ಅವರ ಕಿವಿಗೆ ಹೋಗುತ್ತಿರಲಿಲ್ಲ. ಹೊಳೆನರಸೀಪುರದಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಸಂಜೆ ಅರಕಲಗೂಡಿನ ಕಾಲೇಜಿನಿಂದ ಬಂದು ಕಾಫಿ ಕಾಸುವಾಗ ಕೆಳಗಿನಿಂದ ಆ ಶಬ್ದ ಕೇಳಿಸಿದರೆ, ಗಿರಿಜಮ್ಮನವರು ಇವತ್ತೂ ಸೋತರು ಎಂದುಕೊಳ್ಳುತ್ತಿದ್ದೆ.

ಗಿರಿಜಮ್ಮ ಅವರ ಹೆಂಡತಿ. ಪೇಟೆ ಬೀದಿಯ ಕಬ್ಬಿಣದಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ಶೇಖರಪ್ಪನವರಿಗೆ ಉಳಿದದ್ದು ಎರಡೇ ಕೆಲಸ, ಹಿತ್ತಿಲ ಕೋಣೆಯಲ್ಲಿ ಚಾಕು ಮಾಡುವುದು, ಹಜಾರದಲ್ಲಿ ಹೆಂಡತಿಯೊಡನೆ ಜಗಳವಾಡುವುದು. ಕುಳ್ಳನೆಯ ದೇಹ, ಹಣೆಯ ತುಂಬ ವಿಭೂತಿ. ಪ್ರತಿ ಅಂಗಿಗೂ ಎದೆಯ ಒಳಭಾಗದಲ್ಲಿ ಉದ್ದನೆಯ ಜೇಬು ಹೊಲಿಸುತ್ತಿದ್ದರು. ಚಾಕುವಿನ ಮನೆ ಅದು. ದಿನಾ ಸಂಜೆ ಅದನ್ನು ಹೊರಗೆ ತೆಗೆದು, ಕೀಲಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, ಅಲಗನ್ನು ಹಳೇ ಬನೀನಿನ ಚೂರಿನಲ್ಲಿ ಒರೆಸುತ್ತಿದ್ದರು.

ಉಕ್ಕಿನ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುವವರಲ್ಲ. ಸಾಮಿಲ್ಲಿನಲ್ಲಿ ಸವೆದು ಬಿಸಾಡಿದ ಗರಗಸದ ಪಟ್ಟಿಯೇ ಆಗಬೇಕು. ಅದನ್ನು ತುಂಡು ಮಾಡಿ, ಸಾಣೆಗೆ ಕೊಟ್ಟು, ಮತ್ತೆ ಮತ್ತೆ ನೀರಿಗೆ ಅದ್ದುತ್ತಿದ್ದರು. ಬಿಸಿಯೇರಿ ಅಂಚು ನೀಲಿಗೆ ತಿರುಗಿದರೆ ಅದರ ಗಡಸು ಹೋದಂತೆ. “ಸತ್ತೋಯ್ತು ಕಣಮ್ಮ ಇದು” ಎಂದು ಆ ತುಂಡನ್ನು ಮೂಲೆಗೆ ಎಸೆಯುತ್ತಿದ್ದರು. ಒಮ್ಮೆ ಕಬ್ಬಿಣ ಉಜ್ಜುವ ಹಳೇ ಅರವೊಂದನ್ನು ತಂದು ಅಲಗು ಮಾಡಿದರು. ಭಾರೀ ಹರಿತವಾಗಿತ್ತು. ಕೈಜಾರಿ ಕಲ್ಲುಚಪ್ಪಡಿಯ ಮೇಲೆ ಬಿದ್ದದ್ದೇ ಎರಡು ಹೋಳಾಯಿತು. ಅವತ್ತು ಅವರು ಊಟ ಮಾಡಲಿಲ್ಲ.

ನಾನು ರಸಾಯನಶಾಸ್ತ್ರ ಪಾಠ ಮಾಡುವವಳು. ಸ್ಟೇನ್‌ಲೆಸ್‌ನಲ್ಲೂ ಒಳ್ಳೆಯ ಜಾತಿಗಳಿವೆ, ತುಕ್ಕೂ ಹಿಡಿಯುವುದಿಲ್ಲ, ಹರಿತವೂ ನಿಲ್ಲುತ್ತದೆ ಎಂದು ಒಮ್ಮೆ ಹೇಳಿ ನೋಡಿದೆ.

“ಇರ್ಬೋದು ಮೇಡಮ್ಮಾ. ನಮ್ಮ ಅಂಗಡಿಗೆ ಬರೋದು ಆ ಜಾತಿ ಅಲ್ಲ. ಇಲ್ಲಿಗೆ ಬರೋದು ತಟ್ಟೆ ಲೋಟದ ಜಾತಿ.” ಒಂದು ನಿಂಬೆಹಣ್ಣು ಕುಯ್ದು ಅಲಗನ್ನು ನನ್ನ ಮುಂದೆ ಹಿಡಿದರು. ರಸ ತಾಗಿದ ಕಡೆ ನಿಧಾನವಾಗಿ ಕಪ್ಪು ಮೂಡುತ್ತಿತ್ತು. “ನೋಡು, ಬೈದ್ರೆ ಇದಕ್ಕೆ ಗೊತ್ತಾಯ್ತದೆ. ನಿನ್ನ ಸ್ಟೇನ್‌ಲೆಸ್ಸಿಗೆ ಏನಂದ್ರೂ ಮಾನ ಇಲ್ಲ.” ಟಕ್.

ಉಕ್ಕಿನಲ್ಲಿ ಇಷ್ಟು ಕಟ್ಟುನಿಟ್ಟಾದ ಮನುಷ್ಯ ಹಿಡಿಯ ವಿಷಯಕ್ಕೆ ಬಂದರೆ ಮದುವಣಗಿತ್ತಿಯ ಅಲಂಕಾರಕ್ಕೆ ಕೂತವರಂತೆ ಆಗುತ್ತಿದ್ದರು. ಎಮ್ಮೆ ಕೊಂಬೇ ಬೇಕು. ಅದನ್ನು ಸೀಳಿ, ಉಜ್ಜಿ, ಎಣ್ಣೆಬಟ್ಟೆಯಲ್ಲಿ ತಿಕ್ಕಿ ತಿಕ್ಕಿ, ಕೊನೆಗೆ ಮುಖ ಕಾಣುವಷ್ಟು ಕಪ್ಪು ಹೊಳಪು ಬರಿಸುತ್ತಿದ್ದರು. ಬೆರಳಿಗೆ ಆನಿಕೆಯಾಗಲು ಒಂದು ಗೀರೂ ಇರುತ್ತಿರಲಿಲ್ಲ. ಅವರ ಪ್ರಕಾರ ಗೀರು ಎಂದರೆ ಗಾಯ.

“ಕೊಂಬಿನ ಚಾಕು ನನ್ನ ಅಡಿಗೆಮನೆ ಹೊಸಲು ದಾಟಂಗಿಲ್ಲ” ಎಂಬುದು ಗಿರಿಜಮ್ಮನವರ ಶಾಸನ. ಮಡಿಯ ಮಾತು ಅರ್ಧ ಮಾತ್ರ. “ಸೋಪಿನ ಬಿಲ್ಲೆ ಇದ್ದಂಗೈತೆ. ಒದ್ದೆ ಕೈಯಾಗೆ ನಿಂತ್ಕತದಾ ಅದು? ಜಾಲಿ ಮರದ ಚೇಗಿನಾಗೆ ಒಂದು ಹಿಡಿ ಮಾಡ್ಕೊಡಿ ಅಂತ ಮದ್ವೆಯಾದಾಗಿಂದ ಬಡ್ಕತಾ ಇವ್ನಿ.”

“ಜಾಲಿ ಹಿಡಿ ಕೊಡ್ಲಿಗೆ ಕಣೇ, ಚಾಕಿಗಲ್ಲ. ಕುಯ್ಯೋದು ಅಲಗು. ಹಿಡಿ ಇರೋದು ನೋಡಾಕೆ.” ಟಕ್.

ಒಂದು ಸಲ ಯಾವುದೋ ಖಾತೆ ಬದಲಾವಣೆಗೆ ಹಾಸನದ ಕಚೇರಿಯೊಂದಕ್ಕೆ ಅವರ ಜೊತೆ ಹೋಗಿದ್ದೆ. ಬಾಗಿಲಲ್ಲಿ ಕಾವಲಿನವನು ಎದೆ ಸವರಿ ಚಾಕು ಹಿಡಿದ.

“ಇದನ್ನ ಒಳಕ್ಕೆ ಬುಡಂಗಿಲ್ಲ ಯಜಮಾನ್ರೇ. ಇಲ್ಲಿಟ್ಟು ಓಗಿ.”

“ಅಂಗಾದ್ರೆ ನಾನೂ ಇಲ್ಲೇ ಇರ್ತೀನಿ. ನಿಮ್ಮ ಸಾಹೇಬ್ರನ್ನೇ ಈಚೆಗೆ ಕರಿಯಪ್ಪಾ.”

ಕೊನೆಗೆ ಕಾಗದ ಹಿಡಿದು ಒಳಗೆ ಅಲೆದವಳು ನಾನು. ತಿರುಗಿ ಬರುವಷ್ಟರಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಿತ್ತಳೆ ತಿನ್ನುತ್ತಿದ್ದರು. ಸಿಪ್ಪೆ ತೆಗೆಯುತ್ತಿದ್ದವನು ಕಾವಲಿನವನು, ಅದೇ ಚಾಕುವಿನಲ್ಲಿ. “ಜಬರ್ದಸ್ತಾಗೈತೆ ಸಾ” ಎನ್ನುತ್ತಿದ್ದ. ಶೇಖರಪ್ಪನವರ ಮುಖ ನೋಡಬೇಕಿತ್ತು.

ಆ ಮುಖವನ್ನು ನೆನೆಯಬೇಕೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಆದರೆ ಕಣ್ಣು ಮುಚ್ಚಿದರೆ ಬರುವುದು ಇನ್ನೊಂದು ಮುಖ.

ಹೋದ ಮಳೆಗಾಲದ ಒಂದು ಭಾನುವಾರ. ಬಾಗೂರಿನಲ್ಲಿ ಅವರ ಗೆಳೆಯರೊಬ್ಬರು ಹಳೇ ಜಾಲಿ ಮರ ಕಡಿಸಿದ್ದರು. ಶೇಖರಪ್ಪನವರು ನನ್ನನ್ನೂ ಕಾರಿಗೆ ಹತ್ತಿಸಿಕೊಂಡರು. ಹೆಂಡತಿಗೆ ಹೇಳಿದ್ದು, ಮೇಡಮ್ಮನಿಗೆ ಜಿನನಾಥಪುರದ ಬಸದಿ ತೋರಿಸಿಕೊಂಡು ಬರುತ್ತೇನೆ ಎಂದು. ಬಸದಿಯನ್ನೂ ತೋರಿಸಿದರು. ಆಮೇಲೆ ಬಾಗೂರಿಗೆ ಹೋಗಿ, ಮರದ ನಡುವಿನ ಕೆಂಪು ಚೇಗಿನದೊಂದು ತುಂಡನ್ನು ಆರಿಸಿ, ಗೋಣಿಚೀಲದಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿಟ್ಟರು.

“ನಾನು ಸೋತೆ ಅಂತ ಅವಳ್ಗೆ ಹೇಳ್ಬ್ಯಾಡ” ಎಂದರು ಗಾಡಿ ಓಡಿಸುತ್ತಾ. “ದಾರೀಲಿ ಬಿದ್ದಿತ್ತು, ತಂದೆ ಅಂತೀನಿ.”

“ಗೀರು ಹಾಕ್ತೀರಾ ಅಂಕಲ್, ಹಿಡಿಗೆ?”

“ಹಾಕ್ದೆ ಬುಟ್ಟಾಳಾ?” ಎಂದು ನಕ್ಕರು.

ನಾಲೆಯ ಪಕ್ಕದ ರಸ್ತೆ. ತಡೆಗೋಡೆ ಇಲ್ಲ. ತಿರುವಿನಲ್ಲಿ ಎಳನೀರು ಹೇರಿದ ಟ್ರ್ಯಾಕ್ಟರೊಂದು ನಮ್ಮ ಕಡೆಗೇ ಬಂತು. ಅವರು ಬಲಕ್ಕೆ ಎಳೆದರು. ಕಾರು ನಾಲೆಯ ಏರಿಯಿಂದ ಇಳಿದು, ಅವರ ಬಾಗಿಲು ಕೆಳಗಾಗಿ ನೀರಿಗೆ ಮಗುಚಿತು.

ನಾನು ಮೇಲೆ, ಸೀಟ್‌ಬೆಲ್ಟಿನಲ್ಲಿ ನೇತಾಡುತ್ತಿದ್ದೆ. ನನ್ನ ಭಾರಕ್ಕೆ ಬಿಗಿದ ಕೊಂಡಿ ಎಷ್ಟು ಒತ್ತಿದರೂ ಬಿಡಲಿಲ್ಲ. ಕೆಳಗೆ ಅವರ ಕಿಟಕಿಯಿಂದ ಕೆಂಪು ನೀರು ನುಗ್ಗಿ ಅವರ ಎದೆಯವರೆಗೆ ಬಂದಿತ್ತು. ನಾನು ಕಿರುಚುತ್ತಿದ್ದೆ. ಅವರು ಕಿರುಚಲಿಲ್ಲ. ಎದೆಯ ಜೇಬಿಗೆ ಕೈ ಹಾಕಿದರು. ಒಂದು ಕೈಯಲ್ಲಿ ನನ್ನ ಭುಜಕ್ಕೆ ಆಸರೆ ಕೊಟ್ಟಿದ್ದರಿಂದ, ಅಲಗನ್ನು ಹಲ್ಲಿನಲ್ಲಿ ಕಚ್ಚಿ ಚಾಕು ಬಿಚ್ಚಿದರು. “ಅಲ್ಲಾಡ್ಬ್ಯಾಡ” ಎಂದರು. ಒಂದೇ ಎಳೆತ. ಅಷ್ಟು ದಪ್ಪ ಪಟ್ಟಿ ಬಾಳೆನಾರಿನಂತೆ ಕಿತ್ತು ಬಂತು. ನಾನು ಅವರ ಮೇಲೆ ಬಿದ್ದೆ.

“ಮ್ಯಾಲಕ್ಕತ್ತು, ಮ್ಯಾಲಕ್ಕತ್ತು. ನಂದು ನಾನು ಕುಯ್ಕತೀನಿ.”

ನನ್ನ ಕಡೆಯ ಕಿಟಕಿ ಆಕಾಶಕ್ಕೆ ತೆರೆದಿತ್ತು. ಸೊಂಟದವರೆಗೆ ಹೊರಗೆ ಬಂದು ತಿರುಗಿ ನೋಡಿದೆ. ನೀರು ಅವರ ಗಲ್ಲಕ್ಕೆ ಬಂದಿತ್ತು. ಬಲಗೈ ನೀರಿನೊಳಗೆ ಏನನ್ನೋ ತಡಕುತ್ತಿತ್ತು. ಅವರು ನನ್ನನ್ನು ನೋಡಿದರು. ಆ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ನಾಚಿಕೆ ಇತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

“ಜಾರ್ಬುಡ್ತು ಕಣಮ್ಮ” ಎಂದರು.

ನಾನು ಮತ್ತೆ ಒಳಗೆ ಬಗ್ಗಿದೆ. ಅವರ ಕೈ ಸಿಕ್ಕಿತು. ಅದನ್ನೇ ಹಿಡಿದು ಎಳೆದೆ. ಬೆಲ್ಟು ಅವರನ್ನು ಬಿಡಲಿಲ್ಲ. ಏರಿಯ ಮೇಲಿನಿಂದ ಯಾರೋ ಹಗ್ಗ ಎಸೆದರು, ಯಾರೋ ಧುಮುಕಿ ನನ್ನ ಸೊಂಟ ಹಿಡಿದರು. ಕಾರು ಒಮ್ಮೆ ನರಳಿ ಆಳಕ್ಕೆ ಜಾರಿತು. ನನ್ನ ಕೈಯಲ್ಲಿ ಅವರ ಕೈ ಇತ್ತು, ಆಮೇಲೆ ಇರಲಿಲ್ಲ.

ಕ್ರೇನಿನಿಂದ ಕಾರು ಎತ್ತಿದವರು ಹಿಂದಿನ ಸೀಟಿನ ಗೋಣಿಚೀಲವನ್ನೂ ಪೆಡಲುಗಳ ಸಂದಿಯಲ್ಲಿ ಸಿಕ್ಕಿದ ಚಾಕುವನ್ನೂ ತಂದುಕೊಟ್ಟರು. ಚಾಕು ಬಿಚ್ಚಿಕೊಂಡೇ ಇತ್ತು. ಅಲಗಿಗೆ ಕೆಂಪು ತುಕ್ಕು, ಹಿಡಿಗೆ ಮಾತ್ರ ಏನೂ ಆಗಿರಲಿಲ್ಲ. ಅದೇ ಹೊಳಪು.

ಕಾರ್ಯಗಳೆಲ್ಲ ಮುಗಿದ ಮೇಲೆ ಗಿರಿಜಮ್ಮ ನನ್ನನ್ನು ಕೇಳಿದ್ದು ಒಂದೇ. “ಕೊನೇಗೆ ಏನಾದ್ರೂ ಅಂದ್ರಾ?”

“ಮೇಲಕ್ಕೆ ಹತ್ತು ಅಂದ್ರಮ್ಮಾ” ಎಂದೆ. ಅದು ಸುಳ್ಳಲ್ಲ. ಇನ್ನೊಂದು ಮಾತನ್ನು ಅವರಿಗೆ ಹೇಳಲಾರದೆ ಹೋದೆ. ಇಡೀ ಸಂಸಾರದುದ್ದಕ್ಕೂ ನಡೆದ ವಾದವನ್ನು ಆಕೆ ಗೆದ್ದದ್ದು ಹೀಗೆ ಎಂದು ಯಾವ ಬಾಯಲ್ಲಿ ಹೇಳಲಿ? ಆದರೆ ಹೇಳದೆ ಆ ಮನೆಯ ಮೆಟ್ಟಿಲು ಹತ್ತುವುದೂ ಕಷ್ಟವಾಗುತ್ತಿತ್ತು. ಕಾಲೇಜಿನಲ್ಲಿ ಸೀಮೆಸುಣ್ಣ ಬೆರಳಿಂದ ಜಾರಿದರೆ ಪಾಠ ಎಲ್ಲಿಗೆ ನಿಂತಿತ್ತೆಂದು ಹುಡುಗರನ್ನೇ ಕೇಳುತ್ತಿದ್ದೆ.

ಹೋದ ವಾರ ಸಂಜೆ ಗಿರಿಜಮ್ಮ ಕರೆದರು. ಹೋದರೆ ಅಡಿಗೆಮನೆಯಲ್ಲಿದ್ದರು. ಕಟ್ಟೆಯ ಮೇಲೆ ಗೋಣಿಚೀಲದ ಜಾಲಿ ಚೇಗು, ಪಕ್ಕದಲ್ಲಿ ಎಣ್ಣೆ ಬಟ್ಟಲು. ಅಕ್ಕಿ ತೊಳೆದ ಒದ್ದೆ ಕೈಯಲ್ಲಿ ಆ ಕೊಂಬಿನ ಚಾಕು. ಅದು ಹೊಸಲು ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತುಕ್ಕು ತಿಕ್ಕಿ ತೆಗೆದಿದ್ದರು. ಹಿಡಿಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಅಲಗಿನ ಬೆನ್ನು ಹಿಡಿದು ಮೆಲ್ಲಗೆ ಎಳೆದರು. ಚಾಕು ಮುಷ್ಟಿಯಿಂದ ಸಲೀಸಾಗಿ ಈಚೆಗೆ ಬಂತು.

“ಜಾರ್ತು, ಅಲ್ವೇನವ್ವಾ?”

ನಾನು ತಲೆಯಾಡಿಸಿದೆ. ಅದು ಸಾಲದು ಅನ್ನಿಸಿ, “ಹೌದಮ್ಮಾ. ಜಾರ್ಬುಡ್ತು ಅಂದ್ರು” ಎಂದೆ.

ಆಕೆ ಅಳಲಿಲ್ಲ. ಚಾಕುವನ್ನು ಸೆರಗಿನಲ್ಲಿ ಒರೆಸಿ, ಅವರು ಮಾಡುತ್ತಿದ್ದಂತೆಯೇ ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟರು. ಮುಚ್ಚಲು ನೋಡಿದರು. ಕೀಲು ಬಿಗಿದಿತ್ತು. ಅಲಗಿನ ಬೆನ್ನನ್ನು ಜಾಲಿ ತುಂಡಿಗೆ ಆನಿಸಿ ಮತ್ತೊಮ್ಮೆ ಒತ್ತಿದರು.

ಟಕ್.