ಕೆಂಪು ಗೀಟಿನ ಸೆಲ್ಲುಗಳು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರ ನಾಲಿಗೆಯ ಮೇಲೂ ಉಳಿದಿರಲಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವಳು ಬಕೆಟ್ ಅಕ್ಕ. ದರ್ಜಿಯ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಸಿಕ್ಕಿಕೊಂಡಿದ್ದ ಅವಳ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. ಮೇಜಿನ ಕೆಳಗೆ ಮೂರು ಬಕೆಟ್ ನೀರು. ತಳದಲ್ಲಿ ಒಂದೋ ಎರಡೋ ಲೈಟು ಉರಿಯುತ್ತಾ ಮಲಗಿರುತ್ತಿದ್ದವು. ಎಷ್ಟು ಗಂಟೆಗೆ ಹಚ್ಚಿದ್ದು ಎಂದು ಬರೆದ ಚೀಟಿ ಬಕೆಟ್ಟಿನ ಹಿಡಿಗೆ ಸಿಕ್ಕಿಸಿರುತ್ತಿತ್ತು.

ಊರಾಚೆಯ ಗುಹೆಯೊಳಗೆ ನೀರು ತುಂಬಿಕೊಂಡಿದೆ. ಅದರಲ್ಲಿ ಮುಳುಗಿ ಒಳಗೊಳಗೆ ಈಜಿಕೊಂಡು ಹೋಗುವ ಹುಚ್ಚು ಕೆಲವರಿಗೆ. ಅಂಥವರೇ ಅವಳ ಗಿರಾಕಿಗಳು. ಅವಳಿಗೋ, ಮೊಣಕಾಲು ಮುಳುಗುವಷ್ಟು ನೀರು ಕಂಡರೂ ಭಯ. ಆದರೆ ಆ ಕತ್ತಲಲ್ಲಿ ಯಾವ ಲೈಟನ್ನು ನಂಬಬಹುದು ಎಂಬ ವಿಷಯದಲ್ಲಿ ಅವಳ ಮಾತಿಗೆ ಎದುರಾಡಿದವರಿಲ್ಲ.

ದೊಡ್ಡ ಲೈಟು ಒಂದು ಕೈಯಲ್ಲಿ, ಅದು ಕೈಕೊಟ್ಟರೆ ಇರಲಿ ಎಂದು ಸಣ್ಣವು ಎರಡು ಎದೆಯ ಪಟ್ಟಿಗೆ. ಇದು ಆ ಜನರ ಕಟ್ಟುನಿಟ್ಟು. ಅವಳ ಮಾತು ಈ ಸಣ್ಣವುಗಳ ಬಗ್ಗೆ. ಐದು ಬಗೆಯಲ್ಲಿ ಮಿನುಗುವ, ಗುಂಡಿ ಒತ್ತುವ ಲೈಟನ್ನು ಯಾರಾದರೂ ಆಸೆಪಟ್ಟು ಎತ್ತಿಕೊಂಡರೆ ಸಾಕು, ಶುರುವಾಗುತ್ತಿತ್ತು.

"ಯಾಕಪ್ಪಾ, ಒಳಗೆ ನಾಟಕ ಆಡಿಸ್ತೀಯಾ? ಆ ಗುಂಡಿ ನಿನ್ನ ಚೀಲದಲ್ಲೇ ಒತ್ಕೊಂಡು ಉರಿದು ಮುಗಿದಿರತ್ತೆ. ಇದು ತಗೋ. ತಲೆ ತಿರುಗಿಸಿದ್ರೆ ಹತ್ತತ್ತೆ, ತಿರುಗಿಸಿದ್ರೆ ಆರತ್ತೆ. ಬೇರೆ ವಿದ್ಯೆ ಇದಕ್ಕೆ ಬರಲ್ಲ."

ಚಾರ್ಜ್ ಮಾಡುವಂಥದ್ದು ಕೇಳಿದರೆ ಅದಕ್ಕೂ ಬೈಗುಳ. ಅದು ಚೆನ್ನಾಗಿ ಉರಿಯುತ್ತಿದ್ದದ್ದು ಹೇಳದೆ ಕೇಳದೆ ಆರಿಬಿಡುತ್ತದೆ. ಮಾಮೂಲಿ ಸೆಲ್ಲಾದರೆ ಕೆಂಪಗಾಗಿ, ಮಂಕಾಗಿ, ಹೊರಡುವ ಹೊತ್ತಾಯಿತು ಎಂದು ಎಚ್ಚರಿಸುತ್ತದೆ. ಎರಡೂ ಲೈಟು ಒಂದೇ ಥರದ್ದಿರಬೇಕು, ಕತ್ತಲಲ್ಲಿ ಕೈ ಯೋಚನೆ ಮಾಡಬಾರದು. ತಲೆ ಕೂಡುವಲ್ಲಿನ ರಬ್ಬರ್ ಉಂಗುರದ ಕೆಳಗೆ ಒಂದು ಕೂದಲೆಳೆ ಸಿಕ್ಕಿದರೂ ನೀರು ಒಳಗೆ. ಇಷ್ಟು ಹೇಳಿ, ಲೈಟನ್ನು ಆರು ಗಂಟೆ ಬಕೆಟ್ಟಿನಲ್ಲಿ ಉರಿಸಿದ ಮೇಲೆಯೇ ಅವಳು ಕೊಡುತ್ತಿದ್ದದ್ದು.

ಉರಿಸಲು ಹಾಕುವ ಸೆಲ್ಲುಗಳಿಗೆ ಮೊದಲೇ ಕೆಂಪು ಗೀಟು ಎಳೆಯುತ್ತಿದ್ದಳು. ಗೀಟು ಬಿದ್ದ ಸೆಲ್ಲು ಆಮೇಲೆ ಗೋಡೆ ಗಡಿಯಾರಕ್ಕೆ, ರೇಡಿಯೋಗೆ, ದರ್ಜಿಯ ಮೊಮ್ಮಗಳ ಆಟದ ಕಾರಿಗೆ. ಗುಹೆಗೆ ಹೋಗುವ ಲೈಟಿಗೆ ಪ್ಯಾಕೆಟ್ ಹರಿದು ಹೊಸದೇ ಹಾಕಬೇಕು. ಈ ನಿಯಮ ಮಾಡಿದವಳು ಅವಳೇ. ಮುರಿದದ್ದೂ ಅವಳೇ ಇರಬಹುದು ಎಂಬ ಸಂಶಯ ಏಳು ವರ್ಷದಿಂದ ಅವಳನ್ನು ಕೊರೆಯುತ್ತಿತ್ತು.

ಏಳು ವರ್ಷದ ಹಿಂದೆ ಅವಳ ತಮ್ಮ ಇದೇ ಮೇಜಿನ ಮುಂದೆ ನಿಂತು ಗಿರಾಕಿಗಳ ಅಣಕ ಮಾಡುತ್ತಿದ್ದ. ಅವನಿಗೆ ಅದೊಂದು ಚಾಳಿ. ಅವಳು ನಕ್ಕು ನಕ್ಕು ಕಣ್ಣಲ್ಲಿ ನೀರು ತರಿಸಿಕೊಂಡಿದ್ದಳು. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು: ಲೈಟು ಒರೆಸಿತು, ಉಂಗುರ ನೋಡಿತು, ತಲೆ ಬಿಗಿಯಿತು. ಅವನು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟ. ಮರುದಿನ ಮಧ್ಯಾಹ್ನ, ಗುಹೆಗಿಳಿದವನು ಮೇಲೆ ಬಂದಿಲ್ಲ ಎಂಬ ಸುದ್ದಿ ಬಂತು. ಅದಾಗಿ ಎಷ್ಟೋ ದಿನದ ಮೇಲೆ ಅಂಗಡಿ ತೆರೆದಾಗ ಒರೆಸುವ ಬಟ್ಟೆಯ ಕೆಳಗೆ ಸೆಲ್ಲಿನ ಪ್ಯಾಕೆಟ್ ಒಂದು ಸಿಕ್ಕಿತು. ಅವನಿಗೆಂದು ತೆಗೆದಿಟ್ಟಿದ್ದು ಎರಡು. ಒಂದು ಹರಿದಿತ್ತು, ಇದು ಹರಿದಿರಲಿಲ್ಲ.

ಅವನನ್ನು ಹೊರಗೆ ತಂದದ್ದು ಒಂದು ದಿನ ಕಳೆದ ಮೇಲೆ. ದೊಡ್ಡ ಲೈಟು ಕೆಟ್ಟಿತ್ತು, ಸಣ್ಣದರಲ್ಲಿ ಒಂದು ಕೆಸರಲ್ಲಿ ಎಲ್ಲೋ ಬಿದ್ದು ಸಿಗಲೇ ಇಲ್ಲ, ಇನ್ನೊಂದು ಅವನ ಮುಷ್ಟಿಯಲ್ಲಿ ಆರಿಹೋಗಿತ್ತು. "ಇಡೀ ದಿನ ಉರಿದ ಮೇಲೆ ಯಾವ ಲೈಟಾದ್ರೂ ಆರತ್ತೆ ಅಕ್ಕ. ಕೆಸರು ಎದ್ದಿತ್ತು, ದಾರಿ ತೋರಿಸೋ ಹಗ್ಗ ಕೈತಪ್ತು, ಅಷ್ಟೇ" ಎಂದಿದ್ದರು ತಂದವರು. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಬದುಕಿದ್ದಳು. ಅವನೇ ಮನೆಯಲ್ಲಿ ಬೇರೆ ಸೆಲ್ಲು ಹಾಕಿಕೊಂಡಿರಬಹುದು ಎಂದೂ ಹೇಳಿಕೊಳ್ಳುತ್ತಿದ್ದಳು. ಪ್ಯಾಕೆಟ್ಟಿನ ವಿಷಯ ಯಾರಿಗೂ ಹೇಳಲಿಲ್ಲ. ಹೇಗೆ ಹೇಳಿಯಾಳು? ಅವಳಿಗಿದ್ದದ್ದು ತಮ್ಮನ ಹೆಂಡತಿ ಮತ್ತು ಅವನ ಮಗಳು, ಇಬ್ಬರೇ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದ ಆ ಹೆಂಗಸು, "ಒಬ್ರಿಗೋಸ್ಕರ ಯಾಕೆ ಒಲೆ ಹಚ್ತೀರ ಅಕ್ಕ?" ಎಂದು ಏಳು ವರ್ಷದಿಂದ ದಿನಾ ಹನ್ನೆರಡೂವರೆಗೆ ಅಂಗಡಿಗೆ ಊಟದ ಕ್ಯಾರಿಯರ್ ತಂದುಕೊಡುತ್ತಿದ್ದಳು.

ಆ ಗುರುವಾರ ಮಧ್ಯಾಹ್ನ ಕ್ಯಾರಿಯರ್ ಬಂದು ಇನ್ನೂ ಬಿಚ್ಚಿರಲಿಲ್ಲ, ತಮ್ಮನ ಮಗಳು ಬಂದಳು. ಇಪ್ಪತ್ತೆರಡು ವರ್ಷ, ಅಪ್ಪನ ಮೂಗು, ಅಪ್ಪನದೇ ಹಟ. ಎರಡು ವರ್ಷದಿಂದ ಬೇರೆ ಬೇರೆ ನೀರಿನಲ್ಲಿ ಮುಳುಗುವುದನ್ನು ಕಲಿತಿದ್ದಳು. ಬರುವ ಭಾನುವಾರ ಅದೇ ಗುಹೆಗೆ ಇಳಿಯುವವಳಿದ್ದಳು.

"ಅತ್ತೆ, ಒಂದು ಲೈಟು ನೀನೇ ನೋಡಿ ಕೊಡು. ಇನ್ನೊಂದು ನನ್ಹತ್ರ ಇದೆ" ಎಂದು ಹಳೆಯ ಟವಲಿನ ಗಂಟು ಮೇಜಿನ ಮೇಲಿಟ್ಟು ಬಿಚ್ಚಿದಳು. "ಅಮ್ಮ ಬೀರುವಲ್ಲಿ ಎತ್ತಿಟ್ಟಿದ್ಲು. ಅಪ್ಪಂದು. ಹೊಸ ಉಂಗುರ, ಹೊಸ ಸೆಲ್ಲು ಹಾಕ್ಕೊಟ್ರೆ ಸಾಕು."

ಬಕೆಟ್ ಅಕ್ಕ ಆ ಲೈಟಿಗೆ ಕೈ ಹಾಕಲಿಲ್ಲ. "ಅದು ಬೇಡ ಕಣೇ. ಒಳಗೆಲ್ಲ ತುಕ್ಕು ಹಿಡಿದಿರತ್ತೆ. ಹಳೇದನ್ನ ನಂಬಬಾರದು. ಎರಡೂ ಹೊಸದೇ ಕೊಡ್ತೀನಿ, ಒಂದೇ ಥರದ್ದು."

"ತುಕ್ಕು ಇದ್ರೆ ಬಿಡೋಣ. ಬಿಚ್ಚಿ ನೋಡೋಕೇನು?"

"ಬೇಡ ಅಂದೆನಲ್ಲ."

ಅತ್ತೆಯ ದನಿ ಕೇಳಿ ಹುಡುಗಿ ನಕ್ಕಳು, ಇದೂ ಎಂದಿನ ಬೈಗುಳವೇ ಎಂದುಕೊಂಡು. ಬಟ್ಟೆ ಸುತ್ತಿ ಹಿಡಿದು ತಾನೇ ತಿರುಚಿದಳು. ಮೊದಲು ಅಲ್ಲಾಡಲಿಲ್ಲ. ಆಮೇಲೆ ಕರಕರ ಎಂದು ತಲೆ ಬಿಟ್ಟುಕೊಂಡಿತು. ಮೇಜಿಗೆ ಕುಟ್ಟಿದಾಗ ಬಿಳಿ ಪುಡಿಯ ಜೊತೆ ಮೂರು ಸೆಲ್ಲು ಹೊರಗೆ ಬಿದ್ದವು. ಒಂದು ಉರುಳಿಕೊಂಡು ಬಂದು ಅತ್ತೆಯ ಕೈಗೆ ತಾಗಿ ನಿಂತಿತು. ಮೂರರ ಮೇಲೂ ಕೆಂಪು ಗೀಟಿತ್ತು.

"ನಿಂದೇ ಗೀಟು" ಎಂದಳು ಹುಡುಗಿ, ಹಳೆಯ ಗುರುತು ಸಿಕ್ಕ ಖುಷಿಯಲ್ಲಿ. ಆಮೇಲೆ ಅವಳ ಮುಖ ನಿಧಾನವಾಗಿ ಬದಲಾಯಿತು. ಆ ಅಂಗಡಿಯಲ್ಲೇ ಆಡಿ ಬೆಳೆದವಳು. ಗೀಟೆಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಇದು ಉರಿಸಿದ ಸೆಲ್ಲಲ್ವಾ ಅತ್ತೆ?"

ಸುಳ್ಳು ಹೇಳಬಹುದಿತ್ತು. ಅವನೇ ಗಡಿಯಾರದ ಸೆಲ್ಲು ಹಾಕಿಕೊಂಡಿರಬೇಕು ಎಂದರೆ ಸತ್ತವನು ಎದ್ದುಬಂದು ಇಲ್ಲವೆನ್ನುತ್ತಿರಲಿಲ್ಲ. ಆದರೆ ಅವಳ ಬಾಯಿಗೆ ಆ ಮಾತು ಬರಲಿಲ್ಲ.

"ಹೌದು" ಎಂದಳು. "ಆರು ಗಂಟೆ ಉರಿಸಿದ್ದೆ. ಬದಲಾಯಿಸೋದು ಮರೆತೆ. ಅವನು ನಗಿಸ್ತಾ ಇದ್ದ, ನಾನು ನಗ್ತಾ ಇದ್ದೆ. ಹೊಸ ಪ್ಯಾಕೆಟ್ಟು ಇಲ್ಲೇ ಉಳೀತು. ಇನ್ನೊಂದು ಲೈಟಲ್ಲಿ ಹೊಸದೇ ಇತ್ತೇನೋ, ಅದು ಬಿದ್ದೋಯ್ತು. ಇದು ಉಳೀತು ಅವನ ಕೈಲಿ."

"ನಿನಗೆ ಗೊತ್ತಿತ್ತಾ?"

"ಅನುಮಾನ ಇತ್ತು. ನೋಡೋ ಧೈರ್ಯ ಇರಲಿಲ್ಲ."

ಹುಡುಗಿ ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಕಪಾಟಿನ ಕಡೆ ಕೈ ತೋರಿಸಿದಳು. ಅತ್ತೆ ಒಂದೇ ಥರದ ಎರಡು ಲೈಟು ತೆಗೆದಿಟ್ಟು, ಅಭ್ಯಾಸಬಲದಿಂದ ಸೆಲ್ಲಿನ ಪ್ಯಾಕೆಟ್ಟಿಗೂ ಕೈ ಹಾಕಿದಳು.

"ಸೆಲ್ಲು ನಾನೇ ಹಾಕ್ಕೋತೀನಿ" ಎಂದಳು ಹುಡುಗಿ. "ಬಕೆಟ್ಟಲ್ಲಿ ಉರಿಸೋದನ್ನೂ ಮನೇಲೇ ಮಾಡ್ಕೋತೀನಿ."

ಲೈಟು, ಪ್ಯಾಕೆಟ್ಟು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಳು. ಅಪ್ಪನ ಲೈಟನ್ನು ಮೇಜಿನ ಮೇಲೇ ಬಿಟ್ಟಳು. ಬಾಗಿಲ ಬಳಿ ನಿಂತು, ಹಿಂದೆ ತಿರುಗದೆ, "ಅಮ್ಮನಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ" ಎಂದಳು. ಹುಟ್ಟಿದಾಗಿನಿಂದ ಅವಳು ಅತ್ತೆಗೆ ನೀವು ಎಂದದ್ದು ಅದೇ ಮೊದಲು.

ಸಂಜೆ ಬಕೆಟ್ ಅಕ್ಕ ಷಟರ್ ಎಳೆದು, ಲೈಟು ಮತ್ತು ಕ್ಯಾರಿಯರ್ ಹಿಡಿದುಕೊಂಡು ತಮ್ಮನ ಮನೆಗೆ ನಡೆದಳು. ತಮ್ಮನ ಹೆಂಡತಿ ಬಾಗಿಲು ತೆರೆದು ಮೊದಲು ಕ್ಯಾರಿಯರ್ ಇಸಿದುಕೊಂಡಳು.

"ಇದೇನಕ್ಕ, ಹಾಗೇ ಇದೆ ಊಟ? ಮೈ ಸರಿ ಇಲ್ವಾ? ಬನ್ನಿ, ಬಿಸಿ ಮಾಡಿ ಬಡಿಸ್ತೀನಿ."

"ಬಡಿಸ್ಬೇಡ. ಮೊದಲು ನಾನು ಹೇಳೋದು ಕೇಳು" ಎಂದಳು ಬಕೆಟ್ ಅಕ್ಕ, ಹೊಸ್ತಿಲಲ್ಲೇ ನಿಂತು. ಎಲ್ಲವನ್ನೂ ಹೇಳಿದಳು. ನಕ್ಕದ್ದನ್ನೂ ಬಿಡಲಿಲ್ಲ. ಕೇಳುತ್ತಿದ್ದವಳು ಕ್ಯಾರಿಯರನ್ನು ಎದೆಗೆ ಅವಚಿಕೊಂಡೇ ನಿಂತಿದ್ದಳು. ಮಾತು ಮುಗಿದ ಮೇಲೆ, "ಈಗ ಹೋಗಿ ಅಕ್ಕ" ಎಂದಳು, ಅಷ್ಟೇ.

ಮರುದಿನ ಹನ್ನೆರಡೂವರೆಗೆ ಕ್ಯಾರಿಯರ್ ಬರಲಿಲ್ಲ. ಶನಿವಾರವೂ ಇಲ್ಲ. ಭಾನುವಾರ ಅಂಗಡಿಗೆ ರಜೆ, ಆದರೂ ಅವಳು ಬೆಳಿಗ್ಗೆಯೇ ಷಟರ್ ಎತ್ತಿ ಫೋನನ್ನು ಮುಂದಿಟ್ಟುಕೊಂಡು ಕೂತಳು. ಯಾವ ನೀರಿನಿಂದ ಮೇಲೆ ಬಂದರೂ ಆ ಹುಡುಗಿ ಮೊದಲು ಅಮ್ಮನಿಗೆ, ಆಮೇಲೆ ಅತ್ತೆಗೆ ಫೋನ್ ಮಾಡುತ್ತಿದ್ದಳು. ಗಂಟೆ ಮೂರಾಯಿತು, ನಾಲ್ಕಾಯಿತು. ಫೋನ್ ಬರಲಿಲ್ಲ.

ಐದು ದಾಟಿದ ಮೇಲೆ ಬೀಗದವನು ಇಣುಕಿದ. "ನಿಮ್ಮ ತಮ್ಮನ ಮಗಳು ಸಿಕ್ಕಿದ್ಲು ಅಕ್ಕ, ಬಸ್‌ಸ್ಟಾಂಡಲ್ಲಿ. ಗುಹೆಗೆ ಹೋಗಿ ಬಂದಳಂತೆ. ಎಲ್ಲಾ ಚೆನ್ನಾಗಾಯ್ತಂತೆ. ನಿಮಗೆ ಹೇಳಿರ್ತಾಳೆ ಬಿಡಿ."

"ಹೂಂ, ಹೇಳಿದ್ಲು" ಎಂದಳು ಬಕೆಟ್ ಅಕ್ಕ. ಅವನು ಹೋದ ಮೇಲೆ ಷಟರ್ ಕೆಳಗೆಳೆದು, ಬಕೆಟ್ಟುಗಳ ಪಕ್ಕ ನೆಲದ ಮೇಲೆ ಕೂತು, ಏಳು ವರ್ಷದಿಂದ ಅಳದಿದ್ದದ್ದನ್ನೆಲ್ಲ ಅತ್ತಳು.