ಉಪ್ಪು ಹೆಚ್ಚಾಯಿತೆಂದು ಹೇಳುವ ಹಕ್ಕು

ಹಸಿದವರಿಗೆ ಅಡುಗೆ ಮಾಡಿ ಬಡಿಸುವುದರಲ್ಲಿ ನಾಬ್ಲುಸ್ ನಗರಕ್ಕೆ ಹಳೆಯ ಹೆಸರಿದೆ. ಆ ಸೇವೆಗೆ ತೂಕ, ಅಳತೆಗಳ ಜೊತೆಗೆ ವಿನಯವನ್ನೂ ತಂದವರು ಶ್ರೀಮತಿ ವಿದಾದ್ ಕಮ್ಹಾವಿಯವರು. ಹೆಣ್ಣುಮಕ್ಕಳ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಲೇ ಇಪ್ಪತ್ತೆಂಟು ರಂಜಾನುಗಳ ಕಾಲ ಹಳೇ ಪೇಟೆಯ ನಮ್ಮ ಧರ್ಮದ ಅಡುಗೆಮನೆಯನ್ನು ನಡೆಸಿದ ಅವರು, ಊರಿನವರ ಬಾಯಲ್ಲಿ ಉಮ್ ಬಿಶ್ರ್, ಅಂದರೆ ಬಿಶ್ರನ ತಾಯಿ, ಈ ವರ್ಷ ಆ ಹೊಣೆಯಿಂದ ನಿವೃತ್ತರಾಗುತ್ತಿದ್ದಾರೆ.

ಉಪವಾಸವಿರುವ ಬಾಣಸಿಗರು ರುಚಿ ನೋಡುವುದು ಹೇಗೆ ಎಂಬುದೇ ಅವರು ಕೈಗೆತ್ತಿಕೊಂಡ ಮೊದಲ ಸಮಸ್ಯೆ. ನಾಲಿಗೆಯ ತುದಿಗೆ ತಾಗಿಸಿ ಉಗುಳಿದರೆ ದೋಷವಿಲ್ಲವೆನ್ನುವವರಿದ್ದರೂ ಹಿರಿಯ ಬಾಣಸಿಗ ಹಾಜಿ ಫತ್ಹಿ ಒಪ್ಪಿದವರಲ್ಲ. ಹಬೆಯ ವಾಸನೆಯಲ್ಲೇ ಉಪ್ಪು ತಿಳಿಯುತ್ತದೆಂಬುದು ಅವರ ವಾದ. ವಿದಾದ್ ಒಂದು ಹಳೆಯ ತಕ್ಕಡಿ ತಂದಿಟ್ಟು, ಲೀಟರಿಗೆ ಇಷ್ಟು ಗ್ರಾಂ ಎಂದು ಗೋಡೆಗೆ ಬರೆದು ಅಂಟಿಸಿದರು.

ಕರ್ಫ್ಯೂಗಳ ಕಾಲದ ಒಂದು ರಂಜಾನಿನಲ್ಲಿ ಆ ತಪ್ಪು ನಡೆಯಿತು. ವಿದಾದ್ ತೂಗಿ ಉಪ್ಪು ಹಾಕಿದರು. ತಕ್ಕಡಿಯನ್ನು ನಂಬದ ಹಾಜಿಯವರೂ ತಮ್ಮ ಅಂದಾಜಿನಲ್ಲಿ ಹಾಕಿದರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ, ರುಚಿ ನೋಡಿದವರಂತೂ ಯಾರೂ ಇಲ್ಲ. ಹುರಿದ ಗೋಧಿನುಚ್ಚಿನ ಆ ಗಂಜಿ ಇನ್ನೂರು ಮನೆಗಳಿಗೆ ಹೋಯಿತು. ಸೂರ್ಯ ಮುಳುಗಿದ ಮೇಲೆ ತಮ್ಮ ಮನೆಯಲ್ಲಿ ಮೊದಲ ಚಮಚ ಬಾಯಿಗಿಟ್ಟಾಗಲೇ ಉಪ್ಪು ಎರಡು ಸಲ ಬಿದ್ದಿರುವುದು ವಿದಾದ್ ಅವರಿಗೆ ತಿಳಿದದ್ದು.

ಮರುದಿನ ಬೈಗುಳಕ್ಕೆ ಸಿದ್ಧರಾಗಿಯೇ ಅವರು ಬಾಗಿಲಲ್ಲಿ ನಿಂತರು. ಯಾರೂ ಏನೂ ಅನ್ನಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು ಹರಸಿ ಪಾತ್ರೆ ಚಾಚಿದರು. ವಿಜ್ಞಾನ ಓದಿದವರಿಗೆ ಬಾರದ ಫಲಿತಾಂಶವೂ ಒಂದು ಫಲಿತಾಂಶವೇ; ಆ ಮೌನ ಅವರನ್ನು ಕೊರೆಯತೊಡಗಿತು. ಜೊತೆಗೆ ಒಂದು ಪಾತ್ರೆ ಬರುವುದೇ ನಿಂತಿತ್ತು. ಅದು ಸಾಬೂನು ಕಾರ್ಖಾನೆಯ ಹಿಂದೆ ಬಟ್ಟೆ ಹೊಲಿಯುತ್ತಿದ್ದ ಹಿಯಾಮ್ ಅವರದು. ದಾರಿಗಳು ಮುಚ್ಚಿ ಅವರ ಗಂಡನಿಗೆ ಕೆಲಸ ಹೋಗಿತ್ತು; ಮನೆಯಲ್ಲಿ ನಾಲ್ಕು ಮಕ್ಕಳು.

ನಾಲ್ಕನೆಯ ದಿನ ವಿದಾದ್ ತಾವೇ ಆ ಮನೆಯ ಮೆಟ್ಟಿಲು ಹತ್ತಿದರು. ಉಪವಾಸ ಬಿಡಲು ಅಲ್ಲಿದ್ದದ್ದು ರೊಟ್ಟಿ ಮತ್ತು ಚಹಾ ಮಾತ್ರ.

"ಉಪ್ಪು ಜಾಸ್ತಿ ಆಯ್ತು ಅಂತ ಬರ್ಲಿಲ್ವಾ, ಮಗಳೇ?"

"ಉಪ್ಪೇನು ಮಹಾ, ಉಮ್ ಬಿಶ್ರ್. ನೀರು ಹಾಕ್ಕೊಂಡು ಉಂಡ್ವಿ. ದೊಡ್ಡವಳು ಮುಖ ಕಿವುಚಿದ್ಳು. ಕೊಟ್ಟೋರ ಊಟಕ್ಕೆ ಹೆಸರಿಡ್ತೀಯಾ ಅಂತ ಒಂದು ಬಾರಿಸಿಬಿಟ್ಟೆ. ಅವಳು ಹೇಳಿದ್ದು ಸುಳ್ಳೇನಲ್ಲ. ಬಾಯಿ ಮುಚ್ಕೊಂಡು ಉಣ್ಣೋದನ್ನ ಮಕ್ಕಳಿಗೆ ಕಲಿಸೋ ಬದಲು ಈ ರೊಟ್ಟಿನೇ ವಾಸಿ."

ವಿದಾದ್ ಏಳುತ್ತ ಹೇಳಿದ್ದು ಇಷ್ಟೇ: "ನಾಳೆ ಪಾತ್ರೆ ತಗೊಂಡು ಬಾ. ಬಂದು ಮೊದಲು ಬೈಯಿ. ಬೈದ ಮೇಲೇನೇ ನಾನು ತುಂಬ್ಸೋದು."

ಹಿಯಾಮ್ ಬಂದರು. ಸಾಲೆಲ್ಲ ಕೇಳುವಂತೆ, "ಹಾಜಿ, ಅವತ್ತು ನೀವು ಗಂಜಿ ಕಾಯ್ಸಿದ್ರೋ, ಉಪ್ಪಿನಕಾಯಿ ಹಾಕಿದ್ರೋ?" ಎಂದರು.

ಹಾಜಿ ಸೌಟು ಕೆಳಗಿಟ್ಟರು. "ನಲವತ್ತು ವರ್ಷದಲ್ಲಿ ನನ್ನ ಕೈಯಡುಗೆಗೆ ಯಾರೂ ಹೆಸರಿಟ್ಟಿಲ್ಲ."

"ಇಟ್ಟಿದ್ವಿ ಹಾಜಿ, ಮನೇಲಿ ಕೂತ್ಕೊಂಡು," ಎಂದಳು ಹಿಂದಿನಿಂದ ಒಬ್ಬ ಮುದುಕಿ.

ಸಾಲಿಡೀ ನಕ್ಕಿತು. ಆಮೇಲೆ ಒಂದೊಂದೇ ಬಾಯಿ ಬಿಚ್ಚಿಕೊಂಡಿತು: ಗುರುವಾರದ ಬೇಳೆ ಬೆಂದಿರಲಿಲ್ಲ, ಅನ್ನ ಮುದ್ದೆಯಾಗಿತ್ತು, ಮಾಂಸದ ಚೂರು ಹುಡುಕಲು ಕನ್ನಡಕ ಬೇಕಿತ್ತು. ವಿದಾದ್ ಸೀಮೆಸುಣ್ಣ ಹಿಡಿದು ಎಲ್ಲವನ್ನೂ ಗೋಡೆಯ ಮೇಲೆ ಬರೆದುಕೊಂಡರು. ತಲೆ ತಗ್ಗಿಸಿ ಪಾತ್ರೆ ಚಾಚುತ್ತಿದ್ದವರು ಅಂದು ಒಲೆಯ ಹತ್ತಿರವೇ ಬಂದು, ಮುಚ್ಚಳ ಎತ್ತಿ ನೋಡಿ, ಅಡುಗೆ ಹೀಗಿರಬೇಕು ಹಾಗಿರಬೇಕು ಎಂದು ವಾದಿಸಿದ್ದನ್ನು ಕಂಡ ನಾವು ಸಹೋದ್ಯೋಗಿಗಳು ಬೆರಗಾಗಿ ನಿಂತೆವು. ಹಿಯಾಮ್ ಅವರ ಪಾತ್ರೆ ಎಲ್ಲರಿಗಿಂತ ಮೊದಲು ತುಂಬಿತು.

ಅಂದಿನಿಂದ, ನಿನ್ನೆಯದು ಹೇಗಿತ್ತೆಂದು ಕೇಳದೆ ನಮ್ಮಲ್ಲಿ ಯಾರ ಪಾತ್ರೆಗೂ ಸೌಟು ಇಳಿದಿಲ್ಲ. ಹಾಜಿಯವರೂ ವಾರದೊಳಗೆ ತಕ್ಕಡಿಗೆ ಶರಣಾದರು. ದೂರು ಬಾರದ ದಿನ ವಿದಾದ್ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

ಈ ರಂಜಾನಿನಿಂದ ಅವರ ಮನೆಗೂ ನಮ್ಮಿಂದ ದಿನಕ್ಕೊಂದು ಬಟ್ಟಲು ಹೋಗಲಿದೆ. ಈಗ ಅಡುಗೆಮನೆಯ ಹೊಣೆ ಹೊತ್ತಿರುವ ಹಿಯಾಮ್ ತಾವೇ ತುಂಬಿ ಕಳಿಸುತ್ತಾರೆ. ಅಲ್ಲಾಹನು ಉಮ್ ಬಿಶ್ರ್ ಅವರಿಗೆ ದೀರ್ಘಾಯುಷ್ಯವನ್ನೂ ಮೊನಚು ಕುಂದದ ನಾಲಿಗೆಯನ್ನೂ ಕರುಣಿಸಲಿ. ಇನ್ನೂ ಅನೇಕ ವರ್ಷ ಅವರು ಮರುದಿನವೇ ಬಂದು, ಸಾಲಿನಲ್ಲಿ ಎಲ್ಲರೆದುರು ನಿಂತು, ನಮ್ಮನ್ನು ಬೈಯುತ್ತಿರಲಿ.