ನಾಲ್ಕು ನಕ್ಷತ್ರದ ಹೇಸಿಗೆ

ಹುಬ್ಬಳ್ಳಿಯ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ನಾನು ಕೆಲವು ವರ್ಷಗಳಿಂದ ವಿಡಿಯೊ ಗೇಮುಗಳ ಬಗ್ಗೆ ಬರೆಯುತ್ತಿದ್ದೇನೆ. ಧಾರವಾಡದಲ್ಲಿ ಹೀಗೆ ಹೇಳಿದರೆ ಜನ ಮೊದಲು ನನ್ನ ಬಿಳಿಕೂದಲು ನೋಡುತ್ತಾರೆ, ಆಮೇಲೆ "ಮಕ್ಕಳ ಆಟಾನ್ರಿ?" ಎಂದು ಕೇಳುತ್ತಾರೆ. ವಿವರಿಸುವುದನ್ನು ನಾನು ಬಿಟ್ಟಿದ್ದೇನೆ. ಆಡುವುದು ನನಗೆ ಇಷ್ಟ, ಅಷ್ಟೇ. ಗುಂಡು ಹಾರಿಸುವ ಆಟಗಳನ್ನೂ ಆಡಿದ್ದೇನೆ. ರಾಕ್ಷಸರನ್ನು ಕೊಂದಿದ್ದೇನೆ, ಸತ್ತವರು ಎದ್ದು ಬಂದಾಗ ಅವರನ್ನು ಮತ್ತೊಮ್ಮೆ ಸಾಯಿಸಿದ್ದೇನೆ, ಆಮೇಲೆ ಒಳಗೆ ಹೋಗಿ ರೊಟ್ಟಿ ಬಡಿದಿದ್ದೇನೆ. ರಕ್ತ ಕಂಡರೆ ಮೂಗು ಮುರಿಯುವವಳಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ನಡೆದದ್ದನ್ನು ಕೇಳಿದವರೆಲ್ಲ ಹಾಗೆಯೇ ತಿಳಿದರು.

ಆ ಆಟವನ್ನು ಮಾಡಿದವರು ದೂರದ ದೇಶದ ಕೆಲವು ಗೆಳೆಯರು. ದೊಡ್ಡ ಕಂಪನಿಯ ಹಂಗಿಲ್ಲದೆ, ತಾವೇ ಚಿತ್ರ ಬರೆದು, ತಾವೇ ಸಂಗೀತ ಕೂಡಿಸಿ ಹೊರತಂದಿದ್ದರು. ಬಿಡುಗಡೆಯಾದ ಕೂಡಲೇ ಎಲ್ಲ ಕಡೆಯಿಂದ ಹೊಗಳಿಕೆ. ಪುರವಣಿಯ ಸಂಪಾದಕರು ಫೋನ್ ಮಾಡಿ, "ಮೇಡಮ್, ಎಲ್ಲಿ ನೋಡಿದ್ರೂ ಇದರದ್ದ ಸುದ್ದಿ ಐತ್ರಿ. ನಾವು ಹಿಂದ ಬೀಳೂದು ಬ್ಯಾಡ, ಲಗೂ ಬರದು ಕೊಡ್ರಿ" ಎಂದರು.

ಆಟ ಹೀಗಿದೆ. ಪ್ರತಿ ಹಂತವೂ ಒಂದು ಕೋಣೆ. ಗೋಡೆ, ನೆಲ, ಮೇಜು ಎಲ್ಲವೂ ಸುಣ್ಣ ಬಳಿದಂತೆ ಬಿಳಿ. ಅದರಲ್ಲಿ ಕಪ್ಪು ಕಾಗದ ಕತ್ತರಿಸಿ ಮಾಡಿದಂಥ ಮನುಷ್ಯರು, ಮುಖವಿಲ್ಲದವರು. ಆಡುವವರ ಕೈಯಲ್ಲಿರುವುದು ಒಂದೇ ಗುಂಡು. ಅದು ಗೋಡೆಗೆ, ಪಾತ್ರೆಗೆ, ಬಾಗಿಲ ಹಿಡಿಕೆಗೆ ಬಡಿದು ತಿರುಗಿ ತಿರುಗಿ ಹಾರುತ್ತದೆ. ಕೋಣೆಯ ಎಲ್ಲರೂ ಆ ಒಂದೇ ಗುಂಡಿಗೆ ಸಾಯಬೇಕು. ಯಾರು ಎಲ್ಲಿ ನಿಂತಾಗ, ಯಾವ ಕೋನದಲ್ಲಿ ಬಿಡಬೇಕು ಎನ್ನುವುದೇ ಒಗಟು. ಸರಿಯಾಗಿ ಬಿಟ್ಟರೆ ಕಾಲ ನಿಧಾನವಾಗುತ್ತದೆ, ತಂಬೂರಿಯಂಥ ಒಂದು ನಾದ ಏಳುತ್ತದೆ, ಬಿಳಿ ಗೋಡೆಯ ಮೇಲೆ ಕೆಂಪು ಹರಡುತ್ತದೆ.

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಆಡುತ್ತಿದ್ದಾಗ ನನ್ನ ಗಂಡ ಕಲ್ಲಂಗಡಿ ಹೆಚ್ಚಿಕೊಂಡು ಬಂದು ಪಕ್ಕದಲ್ಲಿ ಕುಳಿತರು. ಅವರು ಇಲ್ಲಿಯೇ ಒಂದು ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಕಲಿಸುತ್ತಾರೆ. ಬಲು ಸಾಧು ಮನುಷ್ಯ. ಜಿರಳೆ ಕಂಡರೆ ಕಸಬರಿಗೆಯನ್ನು ನನ್ನ ಕೈಗೆ ಕೊಟ್ಟು ತಾವು ಅಂಗಳಕ್ಕೆ ಹೋಗಿ ನಿಲ್ಲುವವರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ "ತಡಿ ತಡಿ, ಕೋನ ತಪ್ಪೈತಿ" ಎಂದು ನನ್ನ ಕೈಯಿಂದ ಮೌಸ್ ತೆಗೆದುಕೊಂಡರು.

ಅದು ಊಟದ ಕೋಣೆ. ಉದ್ದನೆಯ ಮೇಜಿನ ಸುತ್ತ ಜನ ಕುಳಿತು ಉಣ್ಣುತ್ತಿದ್ದರು. ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಗುಂಡಿನ ದಾರಿಗೆ ಸಿಗುತ್ತಿದ್ದರು. ಗಂಡ ನಾಲ್ಕಾರು ಬಾರಿ ಸೋತು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಒಮ್ಮೆಲೇ ತೊಡೆ ತಟ್ಟಿಕೊಂಡರು.

"ಸಿಕ್ತು! ಆ ಬಾಗಲದಿಂದ ಮುದುಕಿ ಬರ್ತಾಳ ನೋಡು. ಬಂದ ಕೂಡ್ಲೆ ಈಕಿ ಕುರ್ಚಿ ಬಿಟ್ಟು ಏಳ್ತಾಳ. ಎದ್ದಾಗ ಈಕಿ ತಲಿ ಬರೋಬ್ಬರಿ ಸಾಲಿಗೆ ಬರ್ತೈತಿ. ಆವಾಗ ಬಿಡಬೇಕು."

"ಯಾಕ ಏಳ್ತಾಳ್ರಿ ಆಕಿ?"

"ಮುದುಕಿಗೆ ಜಾಗಾ ಕೊಡಾಕ."

"ಅದಕ್ಕ ಸಾಯ್ತಾಳೇನ್ರಿ?"

"ಅಯ್ಯ, ಅದು ಸಾಯೂದಲ್ಲ" ಎಂದು ಅವರು ನನ್ನನ್ನು ಸಮಾಧಾನಪಡಿಸುವ ಹಾಗೆ ಹೇಳಿದರು. "ಅದು ಉತ್ತರ."

ಮುದುಕಿ ಬಂದಳು. ಕುಳಿತವಳು ಕುರ್ಚಿಯ ಬೆನ್ನನ್ನು ಹಿಡಿದು ಎದ್ದಳು. ಗಂಡ ಗುಂಡು ಬಿಟ್ಟರು. ಹಣ್ಣು ಒಡೆದಂಥ ಹಸಿ ಸದ್ದು, ಒಂದಾದ ಮೇಲೊಂದು. ಮುದುಕಿ ಕೊನೆಯವಳು. ಅವರು ಚಪ್ಪಾಳೆ ತಟ್ಟಿ, ಕಲ್ಲಂಗಡಿಯ ಹೋಳನ್ನು ಬಾಯಿಗಿಟ್ಟುಕೊಂಡರು. ರಸ ಗದ್ದಕ್ಕೆ ಇಳಿಯಿತು. ನಾನು ಎದ್ದು ಬಚ್ಚಲಿಗೆ ಹೋಗಿ ವಾಕರಿಸಿ, ಬಾಯಿ ಮುಕ್ಕಳಿಸಿದೆ.

ಬರೆಯಬೇಕಾಗಿದ್ದರಿಂದ ಪೂರ್ತಿ ಆಡಿದೆ. ಕೋಣೆ ಬದಲಾದರೂ ಕೀಲಿ ಅದೇ. ಬಿದ್ದ ಚಮಚವನ್ನು ಎತ್ತಿಕೊಡಲು ಒಬ್ಬ ಬಗ್ಗುತ್ತಾನೆ, ಆಗ ಹೊಡೆಯಬೇಕು. ಅಳುವವಳ ಹೆಗಲ ಮೇಲೆ ಇನ್ನೊಬ್ಬಳು ಕೈಯಿಡುತ್ತಾಳೆ, ಆಗ. ಕುರುಡನಿಗೆ ಒಬ್ಬ ಬಾಗಿಲು ತೆರೆಯುತ್ತಾನೆ, ಆಗ. ಅವರು ಒಬ್ಬರಿಗೊಬ್ಬರು ಏನೂ ಮಾಡದೆ ಸುಮ್ಮನೆ ಕುಳಿತಿದ್ದರೆ ನಮ್ಮ ಗುಂಡಿಗೆ ಸಿಗುತ್ತಲೇ ಇರಲಿಲ್ಲ. ಹೊರಗಿನ ವಿಮರ್ಶೆಗಳನ್ನು ಆಮೇಲೆ ಓದಿದೆ. ಬಹಳ ಜನ ಇದನ್ನೇ ಈ ಆಟದ ಜಾಣತನ ಎಂದು ಮೆಚ್ಚಿದ್ದರು. ಆ ಸದ್ದು ರಸಭರಿತವಾಗಿದೆ ಎಂದಿದ್ದರು, ಬಣ್ಣಗಳ ಹಿಡಿತವನ್ನು ಕೊಂಡಾಡಿದ್ದರು. ಓದುತ್ತ ಓದುತ್ತ ಆಟಕ್ಕಿಂತ ಈ ಮಾತುಗಳಿಗೇ ನನಗೆ ಹೆಚ್ಚು ಅಸಹ್ಯವಾಯಿತು. ಚೆಂದದ ಬಟ್ಟೆ ಹೊದಿಸಿದ ಹೊಲಸಿನ ಮುಂದೆ ನಿಂತು ಎಲ್ಲರೂ ನೇಯ್ಗೆಯ ಬಗ್ಗೆ ಮಾತಾಡುತ್ತಿದ್ದಂತೆ ಕಂಡಿತು.

ನನ್ನ ವಿಮರ್ಶೆಯಲ್ಲಿ ಒಂದು ಸಾಲು ಹೀಗಿತ್ತು: "ಇಷ್ಟು ಅಂದವಾಗಿ ಯಾರೂ ನನ್ನಲ್ಲಿ ಹೇಸಿಗೆ ಹುಟ್ಟಿಸಿರಲಿಲ್ಲ, ಈ ಅಂದಕ್ಕೇ ನನಗೆ ಹೇಸಿಗೆ." ಅದನ್ನು ಬರೆದಾಗ ನನಗೆ ನಾನೇ ತಲೆದೂಗಿದ್ದು ನೆನಪಿದೆ. ಕೊನೆಗೆ ಐದರಲ್ಲಿ ಒಂದು ನಕ್ಷತ್ರ ಕೊಟ್ಟು ಕಳಿಸಿದೆ.

ಭಾನುವಾರ ಪುರವಣಿ ಬಿಡಿಸಿದರೆ ನಾಲ್ಕು ನಕ್ಷತ್ರ. ಮೇಲೆ ದಪ್ಪ ಅಕ್ಷರದಲ್ಲಿ 'ಬೀಭತ್ಸ ರಸದ ಹೊಸ ಹಬ್ಬ'. ಒಳಗಿನ ಬರಹವನ್ನು ಮುಟ್ಟಿರಲಿಲ್ಲ. ಸಂಪಾದಕರಿಗೆ ಫೋನ್ ಹಚ್ಚಿದೆ.

"ನಕ್ಷತ್ರ ಯಾಕ ಬದಲು ಮಾಡಿದ್ರಿ?"

"ಸಿಟ್ಟಾಗಬ್ಯಾಡ್ರಿ ಮೇಡಮ್. ಜಗತ್ತ ಹೊಗಳಾಕತ್ತೈತಿ, ನಾವೊಬ್ರ ಒಂದು ಕೊಟ್ರ ಹುಬ್ಬಳ್ಳಿಯವರಿಗೆ ಗೇಮ್ ತಿಳಿಯೂದಿಲ್ಲ ಅಂತಾರ್ರಿ. ಮತ್ತ ನೀವು ಬರದದ್ದು ಎಷ್ಟು ಛಲೋ ಐತಿ! ಓದಿದ್ರ ಆಡಬೇಕು ಅನಸ್ತೈತಿ."

ನಾನು ಫೋನ್ ಇಟ್ಟೆ.

ಅಲ್ಲಿಗೇ ಮುಗಿಯಲಿಲ್ಲ. ಸಂಪಾದಕರು ಉತ್ಸಾಹದಿಂದ ನನ್ನ ಬರಹದ ಇಂಗ್ಲಿಷ್ ಅನುವಾದವನ್ನು ಆಟ ಮಾಡಿದವರಿಗೆ ಕಳಿಸಿಬಿಟ್ಟಿದ್ದರು. ಕೆಲವು ದಿನಗಳ ಮೇಲೆ ಗಂಡ ಕಂಪ್ಯೂಟರಿನ ಮುಂದಿನಿಂದಲೇ ಕೂಗಿದರು: "ಏ, ಇಲ್ಲೆ ಬಾ! ನಿನ್ನ ಮಾತು ಹಾಕ್ಯಾರ!" ಆಟವನ್ನು ಮಾರುವ ಪುಟದಲ್ಲಿ, ಹೊಗಳಿಕೆಗಳ ಸಾಲಿನಲ್ಲಿ, ನನ್ನ ವಾಕ್ಯದ ಮೊದಲ ಅರ್ಧ. ಇಷ್ಟು ಅಂದವಾಗಿ ಯಾರೂ ನನ್ನಲ್ಲಿ ಹೇಸಿಗೆ ಹುಟ್ಟಿಸಿರಲಿಲ್ಲ. ಮುಂದಿನ ಅರ್ಧ ಮಾಯ.

"ಇದರಾಗ ಖುಷಿ ಪಡೂದು ಏನೈತ್ರಿ?" ಎಂದೆ.

"ಅಲ್ಲ, ಎಲ್ಲಿಂದೆಲ್ಲಿಗೆ ಮುಟ್ಟಿತು ನೋಡು ನಿನ್ನ ಮಾತು" ಎಂದವರು ನನ್ನ ಮುಖ ನೋಡಿ ಆ ಪುಟ ಮುಚ್ಚಿದರು.

ನಾನು ಆಟ ಮಾಡಿದವರಿಗೆ ಬರೆದೆ. ವಿನಯದ ಉತ್ತರ ಬಂತು. ಹೇಸಿಗೆಯೇ ತಮ್ಮ ಉದ್ದೇಶವಾಗಿತ್ತಂತೆ, ಅದು ನನಗೆ ತಲುಪಿದ್ದಕ್ಕೆ ಬಹಳ ಸಂತೋಷವಂತೆ. ವಾಕ್ಯ ಕತ್ತರಿಸಿದ್ದಕ್ಕೆ ಕ್ಷಮೆ ಕೇಳಿ, ಇಡೀ ವಾಕ್ಯವನ್ನು ಮೂಲ ಭಾಷೆಯಲ್ಲಿಯೇ ಹಾಕಬಹುದೇ ಎಂದು ಕೇಳಿದ್ದರು. ಆಗಲಿ ಎಂದೆ. ಪೂರ್ತಿ ಇದ್ದರೆ ಅರ್ಥ ಕೆಡುವುದಿಲ್ಲ ಎಂದುಕೊಂಡೆ.

ಹಾಕಿದರು. ಬಿಳಿಯ ಮೇಲೆ ಕೆಂಪು ಕನ್ನಡ ಅಕ್ಷರಗಳು, ತುದಿಗಳಿಂದ ಹನಿ ತೊಟ್ಟಿಕ್ಕುವ ಹಾಗೆ. ಕೆಳಗೆ ಯಾವ್ಯಾವುದೋ ದೇಶದವರ ಟಿಪ್ಪಣಿಗಳು. ಎಂಥ ದುಂಡನೆಯ ಲಿಪಿ, ಎಷ್ಟು ಸೊಗಸು, ಯಾವ ಭಾಷೆ ಇದು? ಏನು ಬರೆದಿದೆ ಎಂದು ಒಬ್ಬನೂ ಕೇಳಿರಲಿಲ್ಲ. ಒಬ್ಬ ಇದನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತೇನೆ ಎಂದಿದ್ದ. ತೆಗೆದುಹಾಕಿ ಎಂದು ಮತ್ತೆ ಬರೆದೆ. ಆ ಸಲ ಉತ್ತರ ಬರಲಿಲ್ಲ. ಅದು ಈಗಲೂ ಅಲ್ಲೇ ಇದೆ.

ಇದೆಲ್ಲ ನಡೆಯುತ್ತಿದ್ದಾಗ ಒಂದು ಭಾನುವಾರ ಚರ್ಚಿನ ಆರಾಧನೆ ಮುಗಿಸಿ ಹೊರಗೆ ಬಂದೆ. ನಮ್ಮ ಸಭೆಯ ಹಿರಿಯರೊಬ್ಬರು ನನ್ನ ಕೈ ಹಿಡಿದರು. ಅವರು ಮಿಷನ್ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಾನು ಅವರಲ್ಲಿ ಕಲಿತವಳಲ್ಲ, ಆದರೂ ಎಲ್ಲರಂತೆ ಟೀಚರ್ ಎಂದೇ ಕರೆಯುತ್ತೇನೆ.

"ನೀ ಬರದ ಆ ಆಟ ನಮ್ಮ ಮೊಮ್ಮಗಳಿಗೆ ಕೊಡಸೇನಿ ನೋಡವಾ. ಕಾಲೇಜ್ ಸೂಟಿ ಐತಿ, ತಲಿಗೆ ಛಲೋ ಕೆಲಸ."

ಏನೋ ತೊದಲಿದೆ. ಮರುದಿನ ಸಂಜೆ ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ಕೊಟ್ಟದ್ದು ಒಂದು ನಕ್ಷತ್ರ, ಆ ಆಟ ನನಗೆ ಸಹಿಸಲಾಗದು ಎಂದೆ. ಅವರು ಮೊಮ್ಮಗಳನ್ನು ಕರೆದು, "ಆಡಿ ತೋರಸು" ಎಂದರು. ಹುಡುಗಿಗೆ ಊಟದ ಕೋಣೆಯೇ ಎಲ್ಲಕ್ಕಿಂತ ಇಷ್ಟವಂತೆ. ತೋರಿಸಿದಳು. ಮುದುಕಿ ಒಳಗೆ ಬಂದಳು, ಕುಳಿತವಳು ಎದ್ದಳು, ಗೋಡೆ ಕೆಂಪಾಯಿತು.

ಟೀಚರ್ ಕೈಚಾಚಿ ಪರದೆಯ ಮೇಲಿನ ಖಾಲಿ ಕುರ್ಚಿಯನ್ನು ಮುಟ್ಟಿದರು.

"ಹಿರ್ಯಾರು ಬಂದ್ರ ಎದ್ದು ಜಾಗಾ ಕೊಡ್ರಿ ಅಂತ ಜೀವನಾ ಪೂರ್ತಿ ಕಲಿಸೇನಿ" ಎಂದರು.

"ಅಜ್ಜಿ, ಅದು ಬರೇ ಆಟ" ಎಂದಳು ಮೊಮ್ಮಗಳು ನಗುತ್ತ.

"ಹೌದವಾ, ನೀ ಒಳಗ ಹೋಗು" ಎಂದು ಅವಳನ್ನು ಕಳಿಸಿ, ನನ್ನ ಕಡೆ ತಿರುಗಿದರು.

"ಟೀಚರ್, ಪತ್ರಿಕಿಯವರು ನಕ್ಷತ್ರ ಬದಲು ಮಾಡಿದ್ರಿ, ನೀವು ಅದನ್ನ ನಂಬಿ..."

"ನಕ್ಷತ್ರ ಅಷ್ಟ ನೋಡಿಲ್ಲ ನಾ. ನೀ ಬರದದ್ದೂ ಪೂರಾ ಓದೇನಿ. ಹೇಸಿಗಿ ಅಂತ ಬರದಿದ್ದಿ, ಅದನ್ನೂ ಓದೇನಿ. ಭಾಳ ಛಂದ ಬರದಿದ್ದಿ. ಅಷ್ಟು ಛಂದ ಬರದಿದ್ದಕ್ಕ ಖರೇನ ಹೇಸಿಗಿ ಆಗೇತಿ ಅಂತ ಅನಸಲಿಲ್ಲ ನೋಡವಾ."

ಅವರು ಅದನ್ನು ಬೈಗುಳವಾಗಿ ಹೇಳಲಿಲ್ಲ. ಚಹಾ ಕುಡಿದು ಹೋಗು ಎಂದರು, ನಾನು ಕುಡಿದೆ. ಮನೆಗೆ ನಡೆದು ಬರುವಾಗ ನನ್ನ ಆ ವಾಕ್ಯವನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಅದರ ಎರಡೂ ಅರ್ಧಗಳು ಒಂದಕ್ಕೊಂದು ಎಷ್ಟು ಸರಿಯಾಗಿ ಕೂತಿದ್ದವೆಂದರೆ, ಮೇ ತಿಂಗಳ ಆ ಮಧ್ಯಾಹ್ನ ಬಚ್ಚಲಿನಲ್ಲಿ ನನಗೆ ಬಂದಿದ್ದ ವಾಕರಿಕೆಗೆ ಅಲ್ಲಿ ಎಲ್ಲಿಯೂ ಜಾಗವಿರಲಿಲ್ಲ. ಆಟ ಮಾಡಿದವರ ಮೇಲೆ, ಸಂಪಾದಕರ ಮೇಲೆ ಇದ್ದ ಅಸಹ್ಯ ಕಡಿಮೆಯೇನೂ ಆಗಲಿಲ್ಲ. ಅದರ ಜೊತೆಗೆ ನನ್ನ ಮೇಲಿನದೂ ಸೇರಿತು, ಅಷ್ಟೇ.

ಅಂದು ಮನೆಯಲ್ಲಿ ಗಂಡ ಎಲ್ಲವನ್ನೂ ಕೇಳಿ, "ನಾ ಅದನ್ನ ಲೆಕ್ಕ ಅಂತ ನೋಡಿದ್ದೆ" ಎಂದರು. ಆಮೇಲೆ, "ಈಗೂ ಲೆಕ್ಕಾನ ಕಾಣಸ್ತೈತಿ" ಎಂದರು. ಸುಳ್ಳಂತೂ ಹೇಳಲಿಲ್ಲವಲ್ಲ ಎಂದುಕೊಂಡು ನಾನು ವಾದಕ್ಕಿಳಿಯಲಿಲ್ಲ.

ನಂತರ ಬೇರೊಂದು ಆಟದ ಬಗ್ಗೆ ನಾನು ಕಳಿಸಿದ ವಿಮರ್ಶೆಯನ್ನು ಓದಿ ಸಂಪಾದಕರು ಫೋನ್ ಮಾಡಿದರು. "ಮೇಡಮ್, ಈ ಸಲ ಭಾಳ ಸಪ್ಪಗ ಆಗೇತಲ್ರಿ. ಒಂದೆರಡು ಛಲೋ ಸಾಲು ಹಾಕ್ರಿ."

"ಸಪ್ಪಗ ಇರಲಿ ಬಿಡ್ರಿ" ಎಂದೆ.